ಅಮ್ಮನ ಒಗ್ಗರಣೆ ಡಬ್ಬಿ, ನನ್ನ ಅಮಿಗಾ

ಇಲ್ಲಿ ಮ್ಯೂನಿಕ್‌ನ ಹಳೇ ಸಾಮಾನಿನ ಸಂತೆಯಲ್ಲಿ ಒಂದು ಕಂಪ್ಯೂಟರ್ ಕೊಂಡೆ. ಕಮೊಡೋರ್ ಕಂಪನಿಯ ಅಮಿಗಾ 500. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1987ರಲ್ಲಿ, ಅಂದರೆ ನನಗಿಂತ ಹಿರಿಯ! ಕೀಬೋರ್ಡಿನ ಹೊಟ್ಟೆಯೊಳಗೇ ಇಡೀ ಕಂಪ್ಯೂಟರ್. ಮೆಮೊರಿ ಬರೀ 512 ಕೆಬಿ. ಹಾರ್ಡ್ ಡಿಸ್ಕ್ ಇಲ್ಲ, 880 ಕೆಬಿ ಹಿಡಿಸುವ ಫ್ಲಾಪಿಯೇ ಎಲ್ಲ. "ಇದನ್ನ ಇಟ್ಕೊಂಡು ಏನು ಮಾಡ್ತೀಯಾ?" ಅಂದಳು ಹೆಂಡತಿ. ಉತ್ತರ ನನಗೂ ಗೊತ್ತಿರಲಿಲ್ಲ.

ಅಮಿಗಾ ಕೊಂಡವರು ಸಾಮಾನ್ಯವಾಗಿ ಆಟ ಆಡುತ್ತಾರೆ. ನನಗೆ ಹತ್ತಿದ್ದು ಶೆಲ್ ಹುಚ್ಚು. ಶೆಲ್ ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ ಕಂಪ್ಯೂಟರಿನಿಂದ ಕೆಲಸ ತೆಗೆಯುವ ಕಿಟಕಿ. ಆಫೀಸಿನಲ್ಲಿ ದಿನವಿಡೀ ಅದರ ಮುಂದೆಯೇ ಕೂತಿರುವವನು ನಾನು. ಅಮಿಗಾದಲ್ಲಿ ಮೊದಲಿದ್ದದ್ದು ಸಿಎಲ್‌ಐ. ಸಾಲಿನ ಆರಂಭದಲ್ಲಿ ಒಂದಕ್ಷರ ತಪ್ಪಿದರೂ ಕೊನೆಯಿಂದ ಅಳಿಸಿಕೊಂಡೇ ಬರಬೇಕಿತ್ತು. ವರ್ಕ್‌ಬೆಂಚ್ 1.3ರ ಜೊತೆ ಶೆಲ್ ಬಂತು. ಬಾಣದ ಕೀಲಿ ಒತ್ತಿದರೆ ಹಿಂದಿನ ಆಜ್ಞೆ ಮತ್ತೆ ಎದುರಿಗೆ ಬರುವ ಸುಖ ಸಿಕ್ಕಿತು.

ಆದರೂ ಒಂದು ಪೇಚು ಉಳಿಯಿತು. ಡಿರ್, ಲಿಸ್ಟ್, ಕಾಪಿ, ಡಿಲೀಟ್ ಎಲ್ಲವೂ ವರ್ಕ್‌ಬೆಂಚ್ ಫ್ಲಾಪಿಯಲ್ಲಿ 'ಸಿ' ಎಂಬ ಫೋಲ್ಡರಿನಲ್ಲಿರುವ ಪುಟ್ಟ ಪ್ರೋಗ್ರಾಂಗಳು. ಇನ್ನೊಂದು ಫ್ಲಾಪಿ ಹಾಕಿ, ಅದರೊಳಗೆ ಹೋಗಿ ಡಿರ್ ಅಂದರೆ, 'ವರ್ಕ್‌ಬೆಂಚ್ ಫ್ಲಾಪಿ ಹಾಕು' ಅನ್ನುತ್ತದೆ. ಹಾಕಿದರೆ, 'ಈಗ ಆ ಇನ್ನೊಂದನ್ನು ಹಾಕು' ಅನ್ನುತ್ತದೆ. ಸಾಸಿವೆಗೊಮ್ಮೆ, ಇಂಗಿಗೊಮ್ಮೆ ಉಗ್ರಾಣಕ್ಕೆ ಓಡಿದ ಹಾಗೆ. ಅಷ್ಟರಲ್ಲಿ ಎಣ್ಣೆ ಕಾದು ಹೊಗೆ ಎದ್ದಿರುತ್ತದೆ.

ಇದಕ್ಕೆ ಮದ್ದು ರೆಸಿಡೆಂಟ್ ಎಂಬ ಆಜ್ಞೆ. ಬೇಕಾದ ಪ್ರೋಗ್ರಾಂಗಳನ್ನು ಒಂದು ಸಲ ಮೆಮೊರಿಗೆ ತಂದು ಕೂರಿಸಿದರೆ, ಕಂಪ್ಯೂಟರ್ ಆರಿಸುವವರೆಗೆ ಫ್ಲಾಪಿ ಹುಡುಕುವ ಕೆಲಸವಿಲ್ಲ. ಒಲೆ ಪಕ್ಕದ ಒಗ್ಗರಣೆ ಡಬ್ಬಿ ಅನ್ನಿ. ಎಲ್ಲಕ್ಕೂ ಅಲ್ಲಿ ಪ್ರವೇಶವಿಲ್ಲ, 'ಪ್ಯೂರ್' ಎಂಬ ಗುರುತು ಇರಬೇಕು. ಒಂಥರಾ ಮಡಿ!

ಇಂಥ ಏರ್ಪಾಡನ್ನೆಲ್ಲ ಬರೆದಿಡುವ ಜಾಗ 'ಎಸ್' ಫೋಲ್ಡರಿನ ಶೆಲ್-ಸ್ಟಾರ್ಟಪ್ ಎಂಬ ಫೈಲು. ಶೆಲ್ ತೆರೆದಾಗಲೆಲ್ಲ ಅದು ತಾನಾಗಿ ಓಡುತ್ತದೆ. ಅಲ್ಲಿ ಪ್ರಾಂಪ್ಟ್ ಎಂಬ ಸಾಲು ಬರೆದು, ನಾವೀಗ ಯಾವ ಫೋಲ್ಡರಿನಲ್ಲಿದ್ದೇವೆ ಎಂದು ಸದಾ ತೋರಿಸುವಂತೆ ಮಾಡಬಹುದು. ನೀಲಿ ತೆರೆಯ ಮೇಲೆ ಅದನ್ನು ಕಿತ್ತಳೆ ಬಣ್ಣದಲ್ಲಿ ಬರುವಂತೆ ಮಾಡಿಕೊಂಡೆ. ಅಲಿಯಾಸ್ ಎಂದು ಬರೆದು ಉದ್ದದ ಆಜ್ಞೆಗೆ ಗಿಡ್ಡ ಅಡ್ಡಹೆಸರು ಇಡಬಹುದು. ನಡುವೆ ಚೌಕ ಕಂಸ ಹಾಕಿದರೆ, ನಾವು ಕೊಡುವ ಫೈಲಿನ ಹೆಸರು ಆ ಜಾಗದಲ್ಲಿ ಬಂದು ಕೂರುತ್ತದೆ.

ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಆಫೀಸಿನಲ್ಲಿ ಬಳಸುವ ಅಡ್ಡಹೆಸರುಗಳನ್ನೆಲ್ಲ ತಂದು ಸುರಿದೆ. ಸಿಕ್ಕಿದ್ದನ್ನೆಲ್ಲ ಮೆಮೊರಿಗೆ ತುಂಬಿದೆ. ಈಗ ಶೆಲ್ ತೆರೆದರೆ ಫ್ಲಾಪಿ ಡ್ರೈವ್ ಕರಕರ ಅನ್ನುತ್ತಲೇ ಇರುತ್ತದೆ, ಪ್ರಾಂಪ್ಟ್ ಬರುವಷ್ಟರಲ್ಲಿ ಕಾಫಿ ಆರಿರುತ್ತದೆ. ದೊಡ್ಡ ಪ್ರೋಗ್ರಾಂ ಏನಾದರೂ ತೆರೆಯಹೋದರೆ ಮೆಮೊರಿ ಸಾಲದು. ಕೂತು ಲೆಕ್ಕ ಹಾಕಿದೆ. ನಾನು ನಿಜವಾಗಿ ಬಳಸುತ್ತಿದ್ದದ್ದು ನಾಲ್ಕೇ ಆಜ್ಞೆ.

"ಈ ಡಬ್ಬಕ್ಕೆ ಇಷ್ಟು ಹೊತ್ತು ಕೊಡ್ತೀಯಲ್ಲ, ಅತ್ತೆ ಈಗೀಗ ತಾವಾಗಿ ಫೋನೇ ಮಾಡ್ತಿಲ್ಲ, ಗಮನಿಸಿದ್ಯಾ?" ಅಂದಳು ಹೆಂಡತಿ.

ಹೌದಲ್ಲ! ಹೋದ ರಜೆಗೆ ಸಾಗರಕ್ಕೆ ಹೋಗಿ ಬಂದಮೇಲೆ ಪ್ರತಿ ಸಲವೂ ನಾನೇ ಮಾಡಿದ್ದು. ಕೇಳಿದರೆ "ಕೆಲಸ ಇತ್ತು ಮಾರಾಯ" ಅನ್ನುತ್ತಿದ್ದಳು ಅಮ್ಮ. ಅವತ್ತು ಬಿಡದೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: "ಮೊದಲು ನಿನ್ನ ಫೋಟೋ ಒತ್ತಿದ್ರೆ ನೀನು ಬರ್ತಿದ್ದೆ. ಈಗ ಎಲ್ಲಿದೀಯ ಅಂತ ಸಿಗ್ತಾ ಇಲ್ಲ. ನೀನು ಅಷ್ಟು ಕಷ್ಟಪಟ್ಟು ಚಂದ ಮಾಡಿ ಕೊಟ್ಟಿದ್ದೀಯ, ಹೇಗೆ ಹೇಳೋದು ಅಂತ ಸುಮ್ನಾದೆ."

ಆ ರಜೆಯಲ್ಲಿ ಒಂದು ಸಂಜೆ ಅಮ್ಮನ ಫೋನು ಕೈಗೆತ್ತಿಕೊಂಡಿದ್ದೆ. ಚೆಲ್ಲಾಪಿಲ್ಲಿಯಾಗಿದ್ದ ಆ್ಯಪ್‌ಗಳನ್ನೆಲ್ಲ ಫೋಲ್ಡರುಗಳಿಗೆ ಹಾಕಿ, ಮೊದಲ ಪುಟ ಖಾಲಿ ಮಾಡಿ, ತೆರೆಯನ್ನು ಕಪ್ಪಾಗಿಸಿ ಬೀಗಿದ್ದೆ. ಅದು ಚೆಲ್ಲಾಪಿಲ್ಲಿ ಅನ್ನಿಸಿದ್ದು ನನಗೆ. ಒಗ್ಗರಣೆ ಡಬ್ಬಿಯ ಯಾವ ಬಟ್ಟಲಲ್ಲಿ ಏನಿದೆ ಅಂತ ಕತ್ತಲಲ್ಲೂ ಅಮ್ಮನ ಬೆರಳಿಗೆ ಗೊತ್ತಿರುತ್ತದೆ. ಆ ಡಬ್ಬಿಯನ್ನು ನನ್ನ ಕೈಗೆ ಹೊಂದುವ ಹಾಗೆ ಜೋಡಿಸಿ ಬಂದಿದ್ದೆ.

ಅಕ್ಕನ ಮಗಳಿಗೆ ಫೋನ್ ಮಾಡಿ, ಅಜ್ಜಿ ಹೇಳಿದ ಹಾಗೆಯೇ ಒಂದೊಂದನ್ನೂ ವಾಪಸ್ ಇಡಿಸಿದೆ. ಅವತ್ತು ರಾತ್ರಿ ಶೆಲ್-ಸ್ಟಾರ್ಟಪ್ ತೆರೆದು ಕಳೆ ಕಿತ್ತೆ. ನಾಲ್ಕು ಆಜ್ಞೆ, ಎರಡು ಅಡ್ಡಹೆಸರು, ಕಿತ್ತಳೆ ಪ್ರಾಂಪ್ಟ್ ಉಳಿಯಿತು. ಶೆಲ್ ಮೊದಲಿನ ಹಾಗೆ ಬೇಗ ತೆರೆಯುತ್ತಿದೆ.

ಮಾರನೇ ದಿನ ಮೀಟಿಂಗ್ ನಡುವೆ ಫೋನ್ ಬಡಿದುಕೊಂಡಿತು. ಅಮ್ಮ. ಗಾಬರಿಯಿಂದ ಹೊರಗೋಡಿ ಬಂದು ಎತ್ತಿದೆ.

"ಏನಿಲ್ಲ ಮಗಾ," ಅಂದಳು, "ಒತ್ತಿದ್ರೆ ಬರ್ತೀಯಾ ಅಂತ ನೋಡಿದೆ."