ಬೇಸಿಗೆ ಪ್ರವಾಸಕ್ಕೆ ಹತ್ತಿ ಬಟ್ಟೆಯೊಂದೇ ಸಾಕೇ?

ಬೇಸಿಗೆ ರಜೆಯಲ್ಲಿ ತರೀಕೆರೆ, ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಹೊರಡುವಾಗ ನಾವು ಚೀಲಕ್ಕೆ ತುಂಬುವುದು ತಿಳಿಬಣ್ಣದ ಹತ್ತಿ ಬಟ್ಟೆ. ಸೆಕೆಗೆ ಅದೇ ಸರಿ ಎಂಬ ನಂಬಿಕೆ. ಇದು ಅರ್ಧ ನಿಜ.

ಹತ್ತಿ ಬೆವರನ್ನು ಹೀರುತ್ತದೆ. ಆ ತೇವ ಆರುವಾಗ ಮೈಯ ಶಾಖವನ್ನೂ ಒಯ್ಯುತ್ತದೆ. ಲಿಂಗದಹಳ್ಳಿಯ ಬಿಸಿಲಿನಲ್ಲಿ ನಮಗೆ ಬೇಕಾದದ್ದೂ ಇದೇ. ಆದರೆ ಕೆಮ್ಮಣ್ಣುಗುಂಡಿ ಇರುವುದು ಸುಮಾರು 1,434 ಮೀಟರ್ ಎತ್ತರದಲ್ಲಿ. ಸಾವಿರ ಮೀಟರ್ ಏರಿದರೆ ಗಾಳಿ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ. ದಾರಿಯಲ್ಲಿ ಕಲ್ಲತ್ತಿಗಿರಿ ಜಲಪಾತಕ್ಕೆ ಮೈಯೊಡ್ಡಿ (ಯಾರು ತಾನೇ ಸುಮ್ಮನಿರುತ್ತಾರೆ!) ಒದ್ದೆ ಅಂಗಿಯಲ್ಲೇ ಮೇಲೇರಿದರೆ ಅದೇ ಹತ್ತಿ ನಡುಕ ಹುಟ್ಟಿಸುತ್ತದೆ. ಅದು ಬೇಗ ಆರುವುದಿಲ್ಲ, ಗಾಳಿ ಬೀಸಿದಷ್ಟೂ ಶಾಖ ಕಳೆಯುತ್ತಲೇ ಇರುತ್ತದೆ. ಪುಟ್ಟ ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಇದು ಬರೀ ಕಿರಿಕಿರಿಯಲ್ಲ. ಅವರ ಮೈಶಾಖ ಬೇಗ ಇಳಿಯುತ್ತದೆ.

ಇನ್ನು ಬಣ್ಣ. ಬಿಳಿ ಬಟ್ಟೆ ಬಿಸಿಲನ್ನು ಹೆಚ್ಚು ಪ್ರತಿಫಲಿಸುತ್ತದೆ, ನಿಜ. ಆದರೂ ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ತೊಡುವುದೇಕೆ? 1980ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನಿಲುವಂಗಿ ಕಪ್ಪಾಗಿರಲಿ ಬಿಳಿಯಾಗಿರಲಿ ಮೈಗೆ ತಾಗುವ ಶಾಖ ಒಂದೇ. ಕಪ್ಪು ಬಟ್ಟೆ ಹೀರಿದ ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಹೋಗಿಬಿಡುತ್ತದೆ. ಅಂದರೆ ಬಣ್ಣಕ್ಕಿಂತ ಸಡಿಲವಾಗಿರುವುದೇ ಮುಖ್ಯ.

ಹಾಗಾಗಿ ನಮ್ಮ ಆಯ್ಕೆ: ಸಡಿಲವಾದ ತುಂಬುತೋಳಿನ ಅಂಗಿಗಳು, ಬೇಗ ಆರುವ ಪ್ಯಾಂಟು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಒಂದು ಒಣ ಜೊತೆ, ಮೇಲೆ ಹಾಕಿಕೊಳ್ಳಲು ತೆಳು ಸ್ವೆಟರ್. ಎತ್ತರದಲ್ಲಿ ತಂಪಿದ್ದರೂ ನೇರಳಾತೀತ ಕಿರಣ ಹೆಚ್ಚು, ಅದಕ್ಕೇ ತುಂಬುತೋಳು. ಒಮ್ಮೆ ನೆನೆದರೆ ಸಂಜೆಯಾದರೂ ಆರದ ದಪ್ಪ ಜೀನ್ಸ್ ಮನೆಯಲ್ಲೇ ಇರಲಿ.