ಮೂರನೇ ಮಹಡಿಯ ಕರಡಿ

ಕರೋಲ್ ಬಾಗಿನಲ್ಲಿ ಮೊದಲೆಲ್ಲ ದುಡ್ಡಿದೆ ಅಂತ ತೋರಿಸೋಕೆ ಹೊಸ ಕಾರು ಸಾಕಾಗಿತ್ತು. ಈಗ ನಾಯಿ ಬೇಕು. ಅದೂ ಅಂತಿಂಥ ನಾಯಿಯಲ್ಲ ಸ್ವಾಮಿ, ಕರಡಿಯಂಥದ್ದು! ನಮ್ಮ ಗಲ್ಲಿಯ ಒಂದು ಕಟ್ಟಡದ ಮೂರನೇ ಮಹಡಿಯಲ್ಲಿ ಕಕೇಶಿಯನ್ ಶೆಪರ್ಡ್ ಒಂದಿದೆ. ಬಾಲ್ಕನಿ ಅದರ ಮನೆ. ಜೂನ್ ತಿಂಗಳ ಲೂ ಗಾಳಿಯಲ್ಲಿ ನಾಲಿಗೆ ಹೊರಚಾಚಿ ಏದುಸಿರು ಬಿಡುತ್ತಾ ಕೂತಿರುತ್ತೆ. ಕೆಳಗೆ ಹೋಗುವವರು ಫೋಟೋ ಹೊಡ್ಕೊಳ್ತಾರೆ. ಯಜಮಾನರಿಗೆ ಅದೇ ಖುಷಿ.

ಈ ತಳಿ ಎಲ್ಲಿಯದು ಅಂತ ಒಂದು ಕ್ಷಣ ಯೋಚಿಸಿ. ಜಾರ್ಜಿಯಾ, ಅರ್ಮೇನಿಯಾ, ಅಜರ್‌ಬೈಜಾನ್, ದಾಗೆಸ್ತಾನ್ ಕಡೆಯ ಕಾಕಸಸ್ ಬೆಟ್ಟಗಳದ್ದು. ತೋಳ, ಕರಡಿಗಳಿಂದ ಕುರಿಮಂದೆ ಕಾಯೋಕೆ ಅಲ್ಲಿನ ಕುರುಬರು ತಲೆಮಾರುಗಳಿಂದ ಸಾಕಿದ್ದು. ಆಮೇಲೆ ಸೋವಿಯತ್ ಸರ್ಕಾರ ಕಾವಲು ಕೆಲಸಕ್ಕೆಂದು ಇದನ್ನು ಕ್ರಮವಾಗಿ ಬೆಳೆಸಿತು. ತಳಿಯ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಡು ನಾಯಿ ಕನಿಷ್ಠ 68 ಸೆಂಟಿಮೀಟರ್ ಎತ್ತರ, 50 ಕಿಲೋ ತೂಕ ಇರಬೇಕು. ಕನಿಷ್ಠ ಅಂದೆ, ನೆನಪಿರಲಿ.

ಸ್ವಭಾವವೂ ಆ ಕೆಲಸಕ್ಕೆ ತಕ್ಕದ್ದೇ. ಬೆಟ್ಟದ ಮೇಲೆ ರಾತ್ರಿ ತೋಳ ಬಂದಾಗ ಕುರುಬನ ಅಪ್ಪಣೆಗೆ ಕಾಯುತ್ತಾ ಕೂತರೆ ಕುರಿ ಉಳಿಯುತ್ತಾ? ತಾನೇ ನಿರ್ಧರಿಸಿ ಎರಗಬೇಕು. ಹೊಸಬರನ್ನು ನಂಬಬಾರದು. ತನ್ನ ಜಾಗ ಬಿಟ್ಟುಕೊಡಬಾರದು. ಕಾಕಸಸ್‌ನಲ್ಲಿ ಇದು ಸದ್ಗುಣ. ಆದರೆ ಗ್ಯಾಸ್ ಸಿಲಿಂಡರಿನವನು, ಕೊರಿಯರ್ ಹುಡುಗ, ಪಕ್ಕದ ಮನೆಯ ಮಗು ಎಲ್ಲರೂ ಒಂದೇ ಇಕ್ಕಟ್ಟಿನ ಮೆಟ್ಟಿಲು ಹತ್ತುವ ಕಟ್ಟಡದಲ್ಲಿ ಅದೇ ಗುಣ ಅಪಾಯ. ತಪ್ಪು ನಾಯಿಯದಾ? ಅದು ತನ್ನ ಕೆಲಸ ಮಾಡ್ತಾ ಇದೆ ಅಷ್ಟೆ.

ಇನ್ನು ಆರೈಕೆ. ಇದರ ತುಪ್ಪಳಕ್ಕೆ ಎರಡು ಪದರ. ಮೇಲೆ ಒರಟು ಕೂದಲು, ಒಳಗೆ ದಟ್ಟ ಉಣ್ಣೆ. ವಾರಕ್ಕೆ ಎರಡು ಮೂರು ಸಲವಾದರೂ ಬುಡದ ತನಕ ಬಾಚಬೇಕು, ಉದುರುವ ಕಾಲದಲ್ಲಿ ದಿನಾ. ಇಲ್ಲದಿದ್ದರೆ ಗಂಟುಕಟ್ಟಿ ಒಳಗೆ ಗಾಳಿಯಾಡದೆ ಚರ್ಮದ ರೋಗ ಬರುತ್ತೆ. ಸೆಕೆ ಅಂತ ಕೆಲವರು ಬೋಳಿಸಿಬಿಡ್ತಾರೆ. ಅದೂ ತಪ್ಪು, ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತೆ. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರೇ ಅದರ ಕೂಲರ್. ದೆಹಲಿಯ 45 ಡಿಗ್ರಿಯಲ್ಲಿ ಆ ಕೂಲರ್ ಎಷ್ಟು ಕೆಲಸ ಮಾಡೀತು? "ಏಸಿ ಹಾಕಿದ್ದೀವಿ ಭಾಯಿಸಾಬ್" ಅಂತಾರೆ. ಏಸಿಯಲ್ಲಿ ಕೂತು ನಾಯಿ ಓಡಾಡುತ್ತಾ? ಅದನ್ನು ತಿರುಗಾಡಿಸುವವನು ಬಿಹಾರದಿಂದ ಬಂದ ಹುಡುಗ, ನಾಯಿಗಿಂತ ಹಗುರ. ಅದು ಒಮ್ಮೆ ಎಳೆದರೆ ಅವನ ಕೈಯಲ್ಲಿ ಏನೂ ಇಲ್ಲ. ಕಚ್ಚಿದರೆ ಬೈಗುಳ ಅವನಿಗೆ, ಫೋಟೋ ಯಜಮಾನರಿಗೆ.

ಹಾಗಾದರೆ ನಿಷೇಧಿಸಿ ಅಂತೀರಾ? ಅದೂ ನೋಡಿಯಾಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಟ್‌ವೀಲರ್, ಮ್ಯಾಸ್ಟಿಫ್, ಕಕೇಶಿಯನ್ ಶೆಪರ್ಡ್ ಸೇರಿ 23 ತಳಿಗಳನ್ನು ತಡೆಯಿರಿ ಅಂತ ರಾಜ್ಯಗಳಿಗೆ ಪತ್ರ ಬರೆಯಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದು ಅಂತ ನಮ್ಮ ಕರ್ನಾಟಕ ಹೈಕೋರ್ಟೇ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಸರಿಯಾಗಿಯೇ ಮಾಡಿತು ಅಂತೀನಿ. ತಳಿಯ ಹೆಸರು ಬರೆದು ನಿಷೇಧಿಸಿದರೆ ಬೀದಿಗೆ ಬೀಳುವುದು ನಾಯಿ, ಮಾರಿದವನಲ್ಲ.

ಹೊಸ ಕಾನೂನೇನೂ ಬೇಡ, ಇರುವುದನ್ನು ಪಾಲಿಸಿದರೆ ಸಾಕು. ದೆಹಲಿ ನಗರಪಾಲಿಕೆ ಕಾಯ್ದೆ 1957ರ 399ನೇ ಕಲಮಿನಲ್ಲಿ ನಾಯಿ ನೋಂದಣಿಗೆ ಅವಕಾಶ ಇದೆ. 2017ರ ನಾಯಿ ಸಂತಾನೋತ್ಪತ್ತಿ ನಿಯಮಗಳ ಪ್ರಕಾರ ಮರಿ ಮಾರುವವನು ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ನಮ್ಮ ಗಲ್ಲಿಯಲ್ಲಿ ಎಷ್ಟು ಜನರ ಹತ್ತಿರ ಕಾಗದ ಇದೆ ಕೇಳಿ ನೋಡಿ! 2025ರ ಆಗಸ್ಟ್‌ನಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಗಲ್ಲಿಯೇ ಎರಡು ಪಕ್ಷವಾಗಿ ಕಿತ್ತಾಡಿತು. ಮೂರನೇ ಮಹಡಿಯ ನಾಯಿಯ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಅದಕ್ಕೆ ಬೆಲೆ ಕೊಟ್ಟಿದ್ದಾರಲ್ಲ!

"ವಿದೇಶಿ ಯಾಕೆ, ನಮ್ಮ ಮುಧೋಳ ಸಾಕಲಿ" ಅಂತ ಕನ್ನಡದ ಗೆಳೆಯರು ಹೇಳ್ತಾರೆ. ಅಭಿಮಾನ ನನಗೂ ಇದೆ. 2005ರಲ್ಲಿ ಅದರ ಅಂಚೆಚೀಟಿ ಬಂತು, ಸೇನೆಯೂ ಅದನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. ಆದರೆ ಅದು ಮೊಲದ ಹಿಂದೆ ಬಯಲಲ್ಲಿ ಹಾರಿ ಓಡುವ ಬೇಟೆನಾಯಿ. ಬಾಗಲಕೋಟೆಯ ಹೊಲ ಬಿಡಿಸಿ ಫ್ಲಾಟಿನಲ್ಲಿ ಕಟ್ಟಿಹಾಕಿದರೆ ಅದೂ ಅನ್ಯಾಯವೇ. ಪ್ರಶ್ನೆ ಸ್ವದೇಶಿ ವಿದೇಶಿಯದಲ್ಲ, ಜಾಗದ್ದು.

ಬ್ಯಾಂಕಿನಲ್ಲಿ ಸಾಲ ಕೊಡುವ ಮುಂಚೆ ನಾವು ನೋಡುವುದು ಎರಡೇ: ತೀರಿಸುವ ಶಕ್ತಿ ಇದೆಯಾ, ಮನಸ್ಸಿದೆಯಾ. ನಾಯಿ ಅಂದರೆ ಹತ್ತು ವರ್ಷದ ಕಂತು. ಊಟ, ವೈದ್ಯರು, ಬಾಚಣಿಗೆ, ದಿನಕ್ಕೆರಡು ಹೊತ್ತು ನಿಮ್ಮದೇ ಕಾಲು. ಕೊಂಡ ಬೆಲೆ ಬರೀ ಮುಂಗಡ. ಅಂಗಳ ಇಲ್ಲದವನು, ಸಮಯ ಇಲ್ಲದವನು ಈ ಅರ್ಜಿ ಹಾಕಲೇಬಾರದು. ಕಳ್ಳ ಬಂದರೆ ಬೊಗಳೋಕೆ ನಮ್ಮ ಗಲ್ಲಿಯ ಕಂದು ನಾಯಿ ಸಾಕು, ಎರಡು ರೊಟ್ಟಿ ಹಾಕಿ, ರೇಬೀಸ್ ಲಸಿಕೆ ಹಾಕಿಸಿ. ನಿಮ್ಮ ಓಣಿಯಲ್ಲೂ ಇಂಥ ಕರಡಿ ಇದ್ದರೆ ಯಜಮಾನರನ್ನು ಒಂದೇ ಮಾತು ಕೇಳಿ: ಇವತ್ತು ಇದನ್ನು ಬಾಚಿದ್ದು ಯಾರು?