ಒಂದು ಬಾಣಲೆ, ಇಬ್ಬರು ಅಡುಗೆಭಟ್ಟರು

ಮಕ್ಕಳೇ, ಹೋದ ಚಳಿಗಾಲದಲ್ಲಿ ನಾನು ಮೂರು ತಿಂಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದೆನಲ್ಲ, ಅಲ್ಲಿನ ಹಿಮದ ಕಥೆ ಆಗಲೇ ಹೇಳಿಯಾಗಿದೆ. ಇವತ್ತಿನದು ಒಂದು ಬಾಣಲೆಯ ಕಥೆ. ತಾತಂದಿರು ಯಾರಾದರೂ ಓದುತ್ತಿದ್ದರೆ ಸ್ವಲ್ಪ ಹತ್ತಿರ ಬನ್ನಿ. ಇದು ಮಕ್ಕಳಿಗಿಂತ ನಿಮಗೇ ಹೆಚ್ಚು ಬೇಕಾದದ್ದು.

ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ವಯಸ್ಸು 71 ಆದರೂ ನನಗೆ ಕಾಫಿ ಬಿಟ್ಟರೆ ಬೇರೇನೂ ಮಾಡಲು ಬರುತ್ತಿರಲಿಲ್ಲ. ನಿಮ್ಮ ಅಜ್ಜಿ (ನನ್ನ ಹೆಂಡತಿಯನ್ನು ಇಲ್ಲಿ ಹೀಗೇ ಕರೆಯುವುದು ರೂಢಿ) ಇರುವ ತನಕ ಕಲಿಯುವ ಅಗತ್ಯವೇ ಬೀಳಲಿಲ್ಲ. ಅವಳಿಗೆ ಜ್ವರ ಬಂದಾಗಲೂ ನಾನು ಕ್ಯಾರಿಯರ್ ಹಿಡಿದು ಹೋಟೆಲಿಗೆ ಹೋದವನೇ ಹೊರತು ಒಲೆ ಹಚ್ಚಿದವನಲ್ಲ. ಅವಳು ಹೋಗಿ ಎರಡು ವರ್ಷವಾಯಿತು. ಹಾಸನದ ಮನೆಯಲ್ಲಿ ನಾನೊಬ್ಬನೇ, ಎರಡು ಹೊತ್ತೂ ಮೆಸ್ಸಿನ ಊಟ. "ಅಪ್ಪ, ಇಲ್ಲೇ ಇದ್ದುಬಿಡಿ. ಅಲ್ಲಿ ಊಟಕ್ಕೆ ಏನು ಮಾಡ್ತೀರಿ?" ಎಂದು ಮಗಳು ಎರಡು ದಿನಕ್ಕೊಮ್ಮೆ ಕೇಳುತ್ತಿದ್ದಳು. ನನಗೆ ನನ್ನ ಮನೆ, ನನ್ನ ಬೀದಿ, ಸಂಜೆಯ ಗೆಳೆಯರು ಬೇಕು. ಆದರೆ ಅವಳ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ.

ಒಂದು ಶುಕ್ರವಾರ ಸಂಜೆ ಅಳಿಯ ಊರಲ್ಲಿರಲಿಲ್ಲ. ಮಗಳು ಬರಬೇಕಾದ ರೈಲು ದಾರಿಯಲ್ಲಿ ನಿಂತುಬಿಟ್ಟಿತು. ಮನೆಯಲ್ಲಿ ನಾನು ಮತ್ತು 12 ವರ್ಷದ ಮೊಮ್ಮಗಳು ಪುಟ್ಟಿ. ಏಳು ಗಂಟೆಗೆ ಅವಳು ಬಂದು, "ತಾತ, ಹೊಟ್ಟೆ ಹಸೀತಿದೆ. ಅಮ್ಮ ಇವತ್ತು ಸಾಸೇಜ್ ಅಂಡ್ ಪೆಪ್ಪರ್ಸ್ ಮಾಡ್ತೀನಿ ಅಂದಿದ್ಲು. ನನಗೆ ಮಾಡೋದು ಗೊತ್ತು" ಅಂದಳು. "ಹಾಗಾದ್ರೆ ಮಾಡು" ಅಂದೆ. "ದೊಡ್ಡವರಿಲ್ಲದೆ ಒಲೆ ಹಚ್ಚಬಾರದು ಅಂತ ಅಮ್ಮನ ರೂಲ್ಸ್. ನೀನು ಮಾಡು, ನಾನು ಹೇಳ್ತೀನಿ."

ನೋಡಿ, ಅಡುಗೆ ಗೊತ್ತಿದ್ದವಳಿಗೆ ಒಲೆ ಹಚ್ಚುವ ಅಪ್ಪಣೆಯಿಲ್ಲ. ಅಪ್ಪಣೆಯಿದ್ದವನಿಗೆ ಅಡುಗೆ ಗೊತ್ತಿಲ್ಲ. ಇಬ್ಬರೂ ಸೇರಿದರೆ ಒಬ್ಬ ಅಡುಗೆಭಟ್ಟ.

ಸಾಸೇಜ್ ಅಂದರೆ ಕೊಚ್ಚಿದ ಮಾಂಸಕ್ಕೆ ಉಪ್ಪು, ಮಸಾಲೆ ಕಲಸಿ, ತೊಳೆದ ಕರುಳಿನ ತೆಳು ಚೀಲಕ್ಕೆ ತುಂಬಿದ್ದು. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ ಕೆಡದಂತೆ ಇಡಲು ಹುಟ್ಟಿದ ಉಪಾಯ. ಇಟಲಿಯವರ ಸಾಸೇಜಿನಲ್ಲಿ ಹಂದಿಮಾಂಸ ಹೆಚ್ಚು. ಮಗಳ ಫ್ರಿಜ್ಜಿನಲ್ಲಿದ್ದದ್ದು ಕೋಳಿಯದು. ಭಾನುವಾರದ ಕೋಳಿಸಾರು ನಮ್ಮ ಮನೆಯ ಕ್ರಮವೇ ಆದ್ದರಿಂದ ನನಗೇನೂ ತೊಂದರೆಯಿಲ್ಲ. ಪೊಟ್ಟಣ ಬಿಚ್ಚಿದರೆ ಬಂದದ್ದು ಪರಿಚಯದ ವಾಸನೆ, ಸೋಂಪಿನದು. ಹೋಟೆಲಿನಲ್ಲಿ ಬಿಲ್ಲಿನ ಜೊತೆ ಕೊಡುತ್ತಾರಲ್ಲ, ಅದೇ ಸೋಂಪು ಇಟಲಿಯ ಸಾಸೇಜಿನ ಗುಟ್ಟು.

ಈ ತಿನಿಸು ಅಮೆರಿಕಕ್ಕೆ ವಲಸೆ ಬಂದ ಇಟಲಿಯವರದು. ನ್ಯೂಯಾರ್ಕಿನ ಮಲ್ಬೆರಿ ಬೀದಿಯಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಸಂತ ಜೆನ್ನಾರೋ ಹೆಸರಿನ ಜಾತ್ರೆ ನಡೆಯುತ್ತದೆ. ನೇಪಲ್ಸ್ ಕಡೆಯಿಂದ ಬಂದವರು 1926ರಲ್ಲಿ ಶುರುಮಾಡಿದ್ದು. ನಮ್ಮ ಜಾತ್ರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇರುವ ಹಾಗೆ ಅಲ್ಲಿ ಉದ್ದನೆಯ ಬ್ರೆಡ್ ಸೀಳಿ, ಇದನ್ನೇ ತುಂಬಿ ಕೊಡುತ್ತಾರೆ.

ಪೆಪ್ಪರ್ಸ್ ಅಂದಾಗ ನಾನು ಕರಿಮೆಣಸಿನ ಡಬ್ಬಿ ತೆಗೆದೆ. ಪುಟ್ಟಿ ನಕ್ಕು, ಕೆಂಪು, ಹಸಿರು, ಹಳದಿ ದಪ್ಪ ಮೆಣಸಿನಕಾಯಿಗಳನ್ನು ಮುಂದಿಟ್ಟಳು. ಕೆಲವು ಊರುಗಳಲ್ಲಿ ಇದನ್ನೇ ದೊಣ್ಣೆ ಮೆಣಸಿನಕಾಯಿ ಅನ್ನುತ್ತಾರೆ. ತಪ್ಪು ನನ್ನದಲ್ಲ, ಕೊಲಂಬಸ್‌ನದು! ನಮ್ಮ ಸಕಲೇಶಪುರದ ಕಡೆ ತೋಟಗಳಲ್ಲಿ ಮರಕ್ಕೆ ಹಬ್ಬುವ ಕರಿಮೆಣಸು ಆಗ ಯುರೋಪಿನಲ್ಲಿ ಬಲು ದುಬಾರಿ. ಅಂಥ ಸಾಂಬಾರ ಪದಾರ್ಥಗಳನ್ನು ಹುಡುಕಿಕೊಂಡು 1492ರಲ್ಲಿ ಹೊರಟವನು ಬೇರೆಯದೇ ನೆಲ ಮುಟ್ಟಿದ. ಅಲ್ಲಿ ಸಿಕ್ಕ ಖಾರದ ಕಾಯಿಗೂ ಯುರೋಪಿನವರು ಮೆಣಸಿನ ಹೆಸರನ್ನೇ ಅಂಟಿಸಿದರು. ನಾವೂ ಅದನ್ನೇ ಮಾಡಿದ್ದೇವೆ ನೋಡಿ. ಪೋರ್ಚುಗೀಸರು ಆ ಕಾಯಿ ತಂದಾಗ ನಮ್ಮವರು 'ಮೆಣಸಿನ ಕಾಯಿ' ಅಂದರು. ಇನ್ನೊಂದು ತಮಾಷೆ: ಪಿಜ್ಜಾ ಮೇಲೆ ಇರುವ ಪೆಪರೋನಿ ಅಮೆರಿಕದಲ್ಲಿ ಒಂದು ಬಗೆಯ ಸಾಸೇಜ್. ಇಟಲಿಯಲ್ಲಿ ಪೆಪರೋನಿ ಕೇಳಿದರೆ ದಪ್ಪ ಮೆಣಸಿನಕಾಯಿ ಬರುತ್ತದೆ.

ಅಡುಗೆ ಶುರುವಾಯಿತು. ಮೂರು ದಪ್ಪ ಮೆಣಸಿನಕಾಯಿ, ಎರಡು ಈರುಳ್ಳಿ ಬೆರಳಗಲ ಉದ್ದುದ್ದ ಹೆಚ್ಚಿದ್ದು. ನಾಲ್ಕು ಎಸಳು ಬೆಳ್ಳುಳ್ಳಿ, ಎರಡು ಟೊಮೆಟೊ, ಐದು ಸಾಸೇಜ್. ನಾನು ಭಾರದ ಕಬ್ಬಿಣದ ಬಾಣಲೆಗೆ ಎಣ್ಣೆ ಸುರಿದು, ಉರಿ ಪೂರ್ತಿ ತಿರುಗಿಸಿ, ಕನ್ನಡಕ ಹುಡುಕಲು ಹೋದೆ. ಬರುವಷ್ಟರಲ್ಲಿ ಮನೆ ತುಂಬ ಹೊಗೆ, ಛಾವಣಿಯಲ್ಲಿದ್ದ ಅಲಾರಂ ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದೆ! ಪುಟ್ಟಿ ಒಲೆ ಆರಿಸಿ, ಕಿಟಕಿ ತೆಗೆದು, ಕುರ್ಚಿ ಹತ್ತಿ ಟವೆಲ್ ಬೀಸಿದಳು. "ನಾನು ಬ್ರೆಡ್ ತಿಂದು ಮಲಗ್ತೀನಿ ಬಿಡು" ಅಂದೆ. ಕೈ ನಡುಗುತ್ತಿತ್ತು. "ತಾತ, ನನ್ನದೂ ಮೊದಲ ಸಲ ಹೀಗೇ ಆಗಿತ್ತು. ಬಾಣಲೆ ಆರಲಿ, ಮತ್ತೆ ಮಾಡೋಣ" ಅಂದಳು.

ಎರಡನೇ ಸಲ ಸಣ್ಣ ಉರಿ. ಸಾಸೇಜಿಗೆ ಕಾಲು ಲೋಟ ನೀರು ಹಾಕಿ ಮುಚ್ಚಿದೆವು. ಚುಚ್ಚಬಾರದು, ರಸ ಸೋರಿಹೋಗುತ್ತದೆ. ನೀರು ಇಂಗಿದ ಮೇಲೆ ಒಂದೇ ಚಮಚ ಎಣ್ಣೆ. ಹಂದಿಯದಾದರೆ ಅದೂ ಬೇಡ, ಅದರ ಕೊಬ್ಬೇ ಸಾಕು. ಹೊರಳಿಸುತ್ತ ಎಲ್ಲ ಕಡೆ ಕೆಂಪಗೆ ಮಾಡಿ, ಅಡುಗೆಗೆಂದೇ ಇರುವ ಥರ್ಮಾಮೀಟರ್ ಚುಚ್ಚಿ ನೋಡಿದಳು. ಕೋಳಿಯ ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕಂತೆ. ಸಾಸೇಜ್ ತೆಗೆದು ತಟ್ಟೆಗಿಟ್ಟು, ಅದೇ ಬಾಣಲೆಗೆ ಈರುಳ್ಳಿ, ಮೆಣಸಿನಕಾಯಿ. ಹತ್ತು ಹನ್ನೆರಡು ನಿಮಿಷ. ಸುಮ್ಮನೆ ಕೆದಕುತ್ತಿರಬಾರದು, ಅಂಚು ಕೆಂಪಾಗಲು ಬಿಡಬೇಕು. ಕೊನೆಗೆ ಬೆಳ್ಳುಳ್ಳಿ.

ಅಷ್ಟರಲ್ಲಿ ತಳ ನೋಡಿದರೆ ಕಂದು ಬಣ್ಣದ್ದೇನೋ ಅಂಟಿಕೊಂಡಿದೆ. ಸೀದುಹೋಯಿತೆಂದು ಬಾಣಲೆ ಎತ್ತಲು ಹೋದೆ. "ಅಯ್ಯೋ ತಾತ, ರುಚಿಯೆಲ್ಲ ಅಲ್ಲೇ ಇರೋದು!" ಟೊಮೆಟೊ ಹಾಕಿಸಿ, ಮರದ ಸೌಟಿನಿಂದ ತಳ ಕೆರೆಯಲು ಹೇಳಿದಳು. ಟೊಮೆಟೊ ರಸಕ್ಕೆ ಆ ಕಂದೆಲ್ಲ ಬಿಟ್ಟುಕೊಂಡು ಗೊಜ್ಜಿನಂತಾಯಿತು. ಸಾಸೇಜ್ ತುಂಡು ಮಾಡಿ ಮತ್ತೆ ಹಾಕಿ, ಐದು ನಿಮಿಷ ಬಿಟ್ಟು ಇಳಿಸಿದೆವು.

ಕೆರೆಯುವಾಗ ನಿಮ್ಮ ಅಜ್ಜಿ ನೆನಪಾದಳು. ಎಲ್ಲರ ಊಟವಾದ ಮೇಲೆ ಪಲ್ಯ ಮಾಡಿದ ಬಾಣಲೆಗೇ ಒಂದು ಹಿಡಿ ಅನ್ನ ಹಾಕಿ ಕಲಸಿಕೊಂಡು ತಿನ್ನುತ್ತಿದ್ದಳು. "ಏನೇ ಜಿಪುಣತನ" ಎಂದು ನಾನು ರೇಗಿಸುತ್ತಿದ್ದೆ. ನಕ್ಕು ಸುಮ್ಮನಾಗುತ್ತಿದ್ದಳು. ಒಂದು ದಿನವಾದರೂ ಒಂದು ತುತ್ತು ಕೊಡು ಎಂದು ಕೇಳಲಿಲ್ಲ ನಾನು.

ಮಗಳು ಎಂಟೂವರೆಗೆ ಬಂದಳು. ಕೋಟು ಕೂಡ ಬಿಚ್ಚದೆ ಒಲೆಯ ಹತ್ತಿರವೇ ನಿಂತು ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಯಾರು ಮಾಡಿದ್ದು?" ಪುಟ್ಟಿ ನನ್ನ ಕಡೆ ಕೈ ತೋರಿಸಿದಳು, ನಾನು ಪುಟ್ಟಿಯ ಕಡೆ. "ಉಪ್ಪು ಸ್ವಲ್ಪ ಜಾಸ್ತಿ" ಎಂದಳು, ಎರಡು ಸಲ ಬಡಿಸಿಕೊಂಡಳು. ಸಾಸೇಜಿನಲ್ಲಿ ಉಪ್ಪು ಮೊದಲೇ ಇರುತ್ತದೆ, ನಾನು ಮರೆತು ಹಾಕಿದ್ದೆ. ನೀವು ಹಾಕಬೇಡಿ.

ಮಾರ್ಚಿನಲ್ಲಿ ಹಾಸನಕ್ಕೆ ಬಂದುಬಿಟ್ಟೆ. ಈಗ ವಾರಕ್ಕೆ ಎರಡು ದಿನ ಮೆಸ್ಸಿಗೆ ರಜೆ. ಇಲ್ಲಿ ಅಂಗಡಿಯ ಫ್ರೀಜರಿನಿಂದ ನಾನು ತರುವ ಕೋಳಿ ಸಾಸೇಜ್ ಸಣ್ಣದು, ಮೊದಲೇ ಬೆಂದದ್ದು, ಸೋಂಪು ಇರುವುದಿಲ್ಲ. ಹಾಗಾಗಿ ನೀರು ಹಾಕಿ ಬೇಯಿಸುವ ಕೆಲಸ ತಪ್ಪುತ್ತದೆ. ಅರ್ಧ ಚಮಚ ಸೋಂಪು ಕುಟ್ಟಿ, ಒಂದು ಒಣಮೆಣಸಿನಕಾಯಿ ಮುರಿದು ಹಾಕುತ್ತೇನೆ. ಕೆಂಪು ದಪ್ಪ ಮೆಣಸಿನಕಾಯಿಯ ಬೆಲೆ ಕೇಳಿ ಹಸಿರನ್ನೇ ತರುತ್ತೇನೆ. ಹಸಿರು ಕಾಯಿ ಗಿಡದಲ್ಲೇ ಹಣ್ಣಾದರೆ ಬಣ್ಣ ತಿರುಗಿ ಸಿಹಿಯಾಗುತ್ತದೆ, ಅಷ್ಟೇ ವ್ಯತ್ಯಾಸ. ಮಾಂಸ ತಿನ್ನದವರು ಅಣಬೆಯನ್ನೋ ಬೇಯಿಸಿದ ಸಣ್ಣ ಆಲೂಗಡ್ಡೆಯನ್ನೋ ಇದೇ ಸೋಂಪು, ಬೆಳ್ಳುಳ್ಳಿಯಲ್ಲಿ ಹುರಿದುಕೊಳ್ಳಿ. ಪಕ್ಕದ ಮನೆಯ ಶಾಸ್ತ್ರಿಗಳು ಆಲೂಗಡ್ಡೆಯದನ್ನು ಒಪ್ಪಿದ್ದಾರೆ, ಬೆಳ್ಳುಳ್ಳಿ ಮಾತ್ರ ಬೇಡ ಅಂದರು.

ಭಾನುವಾರ ಸಂಜೆ ಪುಟ್ಟಿಯ ವಿಡಿಯೋ ಕರೆ ಬರುತ್ತದೆ, ಅವಳಿಗೆ ಆಗ ಬೆಳಿಗ್ಗೆ. ಹೋದ ವಾರ ನಮಸ್ಕಾರ ಕೂಡ ಹೇಳದೆ, "ತಾತ, ಬಾಣಲೆ ತೋರಿಸು" ಅಂದಳು. ತೋರಿಸಿದೆ. ಚಪಾತಿಯ ಕೊನೆಯ ಚೂರಿನಲ್ಲಿ ಒರೆಸಿಕೊಂಡು ತಿಂದಿದ್ದೆ. ತಳದಲ್ಲಿ ಏನೂ ಉಳಿದಿರಲಿಲ್ಲ.